ಜಾಲಕದಲ್ಲಿ ಎಲೆಕ್ಟ್ರಾನ್ ಸಾಗಣೆ: ಕಾಲಾವಲಂಬಿ ಫಂಕ್ಷನಲ್ ಸಿದ್ಧಾಂತಗಳ ಬಲ ಮತ್ತು ಮಿತಿ

ವಾಹಕವೊಂದರಲ್ಲಿ ಎಲೆಕ್ಟ್ರಾನುಗಳು ಹೇಗೆ ಸಾಗುತ್ತವೆ ಎಂಬುದು ಭೌತವಿಜ್ಞಾನದ ಹಳೆಯ ಪ್ರಶ್ನೆಗಳಲ್ಲಿ ಒಂದು. ತಂತಿ ಉದ್ದವಾದಂತೆ ಅದರ ರೋಧ ಹೆಚ್ಚುತ್ತದೆ, ದಪ್ಪವಾದಂತೆ ಕಡಿಮೆಯಾಗುತ್ತದೆ ಎಂಬ ಓಮ್‌ನ ನಿಯಮ ಪ್ರೌಢಶಾಲೆಯ ಪಾಠ. ಆದರೆ ತಂತಿಯ ಉದ್ದ ಕೆಲವೇ ಪರಮಾಣುಗಳಷ್ಟಕ್ಕೆ ಇಳಿದಾಗ ಈ ನಿಯಮ ಉಳಿಯುವುದಿಲ್ಲ. ಅಂತಹ ಸಣ್ಣ ತಂತಿಯಲ್ಲಿ ಎಲೆಕ್ಟ್ರಾನು ಅಲೆಯಾಗಿ ವರ್ತಿಸುತ್ತದೆ. ಆ ಅಲೆ ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟಿಹೋಗುವ ಸಂಭಾವ್ಯತೆಯೇ ತಂತಿಯ ವಾಹಕತ್ವವನ್ನು ನಿರ್ಧರಿಸುತ್ತದೆ. 1957ರಲ್ಲಿ ರಾಲ್ಫ್ ಲ್ಯಾಂಡೌವರ್ ಮುಂದಿಟ್ಟ ಈ ದೃಷ್ಟಿಗೆ 1986ರಲ್ಲಿ ಮಾರ್ಕುಸ್ ಬ್ಯೂಟಿಕರ್ ಅನೇಕ ತುದಿಗಳುಳ್ಳ ವಾಹಕಗಳಿಗೂ ಅನ್ವಯವಾಗುವ ರೂಪವನ್ನು ನೀಡಿದರು. 1988ರಲ್ಲಿ ಡೆಲ್ಫ್ಟ್ ಮತ್ತು ಕೇಂಬ್ರಿಜ್‌ನ ಎರಡು ತಂಡಗಳು ಅತಿ ಕಿರಿದಾದ ವಾಹಕಗಳಲ್ಲಿ ವಾಹಕತ್ವವು ಮೆಟ್ಟಿಲು ಮೆಟ್ಟಿಲಾಗಿ ಏರುವುದನ್ನು ಅಳೆದು ತೋರಿಸಿದವು. ಒಂದು ಮೆಟ್ಟಿಲಿಗೆ ಸಲ್ಲುವ ರೋಧ ಸುಮಾರು 12,906 ಓಮ್. ವಸ್ತು ಯಾವುದೇ ಇರಲಿ, ಈ ಸಂಖ್ಯೆ ಬದಲಾಗುವುದಿಲ್ಲ.

ಸಿದ್ಧಾಂತದ ತೊಡಕು ಇಲ್ಲಿಂದ ಮುಂದಕ್ಕೆ ಪ್ರಾರಂಭವಾಗುತ್ತದೆ. 1997ರಲ್ಲಿ ಮಾರ್ಕ್ ರೀಡ್ ಮತ್ತು ಸಂಗಡಿಗರು ಚಿನ್ನದ ಎರಡು ತುದಿಗಳ ನಡುವೆ ಬೆಂಜೀನ್ ಡೈಥಯಾಲ್ ಅಣುವನ್ನು ಸೇರಿಸಿ ಅದರ ಮೂಲಕ ಹರಿಯುವ ವಿದ್ಯುತ್ ಪ್ರವಾಹವನ್ನು ಅಳೆದರು. 2000ದಲ್ಲಿ ಮಾಸಿಮಿಲಿಯಾನೊ ಡಿ ವೆಂಟ್ರಾ, ಸೊಕ್ರಾಟಿಸ್ ಪಾಂಟೆಲಿಡಿಸ್ ಮತ್ತು ನಾರ್ಟನ್ ಲ್ಯಾಂಗ್ ಅದೇ ಅಣುವಿನ ಪ್ರವಾಹವನ್ನು ಮೂಲತತ್ತ್ವಗಳಿಂದ ಲೆಕ್ಕ ಹಾಕಿದಾಗ ವಕ್ರರೇಖೆಯ ಆಕಾರವೇನೋ ಹೊಂದಿಕೊಂಡಿತು. ಪ್ರವಾಹದ ಪ್ರಮಾಣ ಮಾತ್ರ ಪ್ರಯೋಗಕ್ಕಿಂತ ನೂರುಪಟ್ಟಿಗೂ ಮಿಕ್ಕಿ ಹೆಚ್ಚಾಗಿತ್ತು. ಪ್ರಯೋಗದಲ್ಲಿ ಅಣು ಮತ್ತು ಲೋಹ ಕೂಡುವ ಬಗೆ ನಿಶ್ಚಿತವಾಗಿ ತಿಳಿದಿಲ್ಲವೆಂಬುದು ಇದಕ್ಕೆ ಒಂದು ಸಮಾಧಾನ. ಆದರೆ ಆ ಸಮಾಧಾನವೊಂದೇ ಸಾಲದು. ಲೆಕ್ಕಕ್ಕೆ ಬಳಸಿದ ಸಾಂದ್ರತಾ ಫಂಕ್ಷನಲ್ ಸಿದ್ಧಾಂತವು ಮೂಲತಃ ಚಲನೆಯಿಲ್ಲದ, ಕನಿಷ್ಠ ಶಕ್ತಿಯ ಸ್ಥಿತಿಗಾಗಿ ರೂಪುಗೊಂಡದ್ದು. ಹರಿಯುತ್ತಿರುವ ಎಲೆಕ್ಟ್ರಾನುಗಳಿಗೆ ಅದನ್ನು ಅನ್ವಯಿಸುವ ಅಧಿಕಾರ ಯಾವುದರಿಂದ ಬಂತು? ಈ ಪ್ರಶ್ನೆಗೆ ಉತ್ತರವಿಲ್ಲದೆ ಇದ್ದರೆ ಅಣುಪ್ರಮಾಣದ ವಿದ್ಯುತ್ ಸಾಧನಗಳ ಬಗೆಗೆ ಗಣಕಯಂತ್ರ ಕೊಡುವ ಯಾವ ಸಂಖ್ಯೆಯನ್ನೂ ನೆಚ್ಚುವಂತಿಲ್ಲ.

ಸಾಂದ್ರತೆಯೆಂಬ ಆಧಾರ

ಫಲನವೊಂದಕ್ಕೆ ಸಂಖ್ಯೆಯನ್ನು ಕೊಟ್ಟರೆ ಅದು ಇನ್ನೊಂದು ಸಂಖ್ಯೆಯನ್ನು ಕೊಡುತ್ತದೆ. ಇಡೀ ಫಲನವನ್ನೇ ಪಡೆದು ಒಂದು ಸಂಖ್ಯೆಯನ್ನು ಕೊಡುವ ನಿಯಮಕ್ಕೆ ಫಂಕ್ಷನಲ್ ಎಂದು ಹೆಸರು. ಹೊಲವೊಂದರ ಎಲ್ಲೆಗೆರೆಯನ್ನು ಪೂರ್ತಿಯಾಗಿ ತಿಳಿದರೆ ಅದರ ವಿಸ್ತೀರ್ಣ ಸಿಗುತ್ತದೆ. ವಿಸ್ತೀರ್ಣವು ಎಲ್ಲೆಗೆರೆಯ ಫಂಕ್ಷನಲ್. 1964ರಲ್ಲಿ ಪಿಯರ್ ಹೊಹೆನ್‌ಬರ್ಗ್ ಮತ್ತು ವಾಲ್ಟರ್ ಕೋನ್ ಸಾಧಿಸಿದ ಪ್ರಮೇಯದ ಪ್ರಕಾರ ಎಲೆಕ್ಟ್ರಾನುಗಳ ಸಮೂಹವೊಂದರ ಕನಿಷ್ಠ ಶಕ್ತಿಯ ಸ್ಥಿತಿಯ ಸಕಲ ಗುಣಗಳೂ ಅದರ ಸಾಂದ್ರತೆಯ ಫಂಕ್ಷನಲ್‌ಗಳು. 1965ರಲ್ಲಿ ಕೋನ್ ಮತ್ತು ಲು ಜು ಶಾಮ್ ಇದನ್ನು ಬಳಸಲು ಬರುವ ವಿಧಾನವಾಗಿ ಮಾರ್ಪಡಿಸಿದರು. ಪರಸ್ಪರ ವಿಕರ್ಷಿಸುವ ನಿಜವಾದ ಎಲೆಕ್ಟ್ರಾನುಗಳ ಬದಲಿಗೆ, ಒಂದನ್ನೊಂದು ಅರಿಯದ ಕಲ್ಪಿತ ಎಲೆಕ್ಟ್ರಾನುಗಳನ್ನು ಇಟ್ಟುಕೊಂಡು, ಅವುಗಳ ಮೇಲೆ ಸೂಕ್ತವಾದ ಒಂದು ವಿಭವವನ್ನು ಹೇರಿದರೆ ನಿಜವಾದ ಸಾಂದ್ರತೆಯೇ ದೊರೆಯುತ್ತದೆ. ಆ ವಿಭವದಲ್ಲಿ ಅಡಗಿರುವ, ಯಾರಿಗೂ ನಿಖರವಾಗಿ ತಿಳಿಯದ ಭಾಗಕ್ಕೆ ವಿನಿಮಯ-ಸಹಸಂಬಂಧ ವಿಭವ ಎನ್ನುತ್ತಾರೆ. ಈ ಕಾರ್ಯಕ್ಕಾಗಿ ಕೋನ್ 1998ರಲ್ಲಿ ರಸಾಯನವಿಜ್ಞಾನದ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು.

ಇದರಿಂದ ದೊರೆಯುವ ಲಾಭವನ್ನು ಒಂದು ಲೆಕ್ಕದಿಂದ ಮನಗಾಣಬಹುದು. 16 ನೆಲೆಗಳಲ್ಲಿ 16 ಎಲೆಕ್ಟ್ರಾನುಗಳು, ಅವುಗಳಲ್ಲಿ 8 ಒಂದು ಗಿರಕಿಯವು, 8 ಇನ್ನೊಂದು ಗಿರಕಿಯವು, ಇವೆಯೆಂದು ಭಾವಿಸೋಣ. ಇವುಗಳ ತರಂಗ ಫಲನವನ್ನು ಬರೆದಿಡಲು 16,56,36,900 ಸಂಖ್ಯೆಗಳು ಬೇಕು. ಸಾಂದ್ರತೆಯನ್ನು ಬರೆದಿಡಲು 16 ಸಂಖ್ಯೆಗಳು ಸಾಕು.

ಕಾಲದೊಂದಿಗೆ ಬದಲಾಗುವ ಸಮೂಹಗಳಿಗೆ ಈ ವಿಚಾರವನ್ನು ವಿಸ್ತರಿಸುವ ಯತ್ನಗಳಲ್ಲಿ ಭಾರತೀಯರ ಪಾಲು ಗಣನೀಯವಾದುದು, ಮತ್ತು ಪಠ್ಯಗಳಲ್ಲಿ ಅದಕ್ಕೆ ಸಲ್ಲಬೇಕಾದಷ್ಟು ಸ್ಥಳ ಸಂದಿಲ್ಲ. 1982ರಲ್ಲಿ ಬಿ. ಎಂ. ದೇಬ್ ಮತ್ತು ಸ್ವಪನ್ ಕುಮಾರ್ ಘೋಷ್ ಕಾಲಾವಲಂಬಿ ಸಾಂದ್ರತೆಯನ್ನು ಒಂದು ದ್ರವದ ಚಲನೆಯಂತೆ ಕಾಣುವ ಚೌಕಟ್ಟನ್ನು ಪ್ರಕಟಿಸಿದರು. ಎರಡು ವರ್ಷಗಳ ಅನಂತರ, 1984ರಲ್ಲಿ, ಎರಿಕ್ ರುಂಗೆ ಮತ್ತು ಎಬರ್‌ಹಾರ್ಡ್ ಗ್ರೋಸ್ ಅವರ ಪ್ರಮೇಯ ಹೊರಬಂದಿತು: ಸಮೂಹದ ಆದ್ಯ ಸ್ಥಿತಿ ತಿಳಿದಿದ್ದರೆ, ಕಾಲದೊಂದಿಗೆ ಸಾಂದ್ರತೆ ಬದಲಾಗುವ ಬಗೆಯಿಂದಲೇ ಹೊರಗಿನ ವಿಭವವನ್ನು ಗುರುತಿಸಬಹುದು. ‘ಆದ್ಯ ಸ್ಥಿತಿ ತಿಳಿದಿದ್ದರೆ’ ಎಂಬ ಷರತ್ತನ್ನು ಓದುಗರು ಗಮನದಲ್ಲಿ ಇಟ್ಟುಕೊಳ್ಳಬೇಕು. ಬಳಕೆಯಲ್ಲಿ ಅತಿ ಸುಲಭವಾಗಿ ಮರೆತುಹೋಗುವುದು ಅದೇ. 1988ರಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ಘೋಷ್ ಮತ್ತು ಆಶಿಶ್ ಕುಮಾರ್ ಧಾರಾ, ವಿದ್ಯುತ್ ಕ್ಷೇತ್ರದ ಜೊತೆಗೆ ಕಾಂತಕ್ಷೇತ್ರವೂ ಕಾಲದೊಂದಿಗೆ ಬದಲಾಗುವಾಗ ಸಾಂದ್ರತೆಯೊಂದಿಗೆ ಪ್ರವಾಹ ಸಾಂದ್ರತೆಯನ್ನೂ ಆಧಾರವಾಗಿ ತೆಗೆದುಕೊಳ್ಳಬೇಕೆಂದು ತೋರಿಸಿದರು. ಸಾಗಣೆಯ ಸಿದ್ಧಾಂತಕ್ಕೆ ಈ ಎರಡನೆಯ ಹೆಜ್ಜೆ ಎಷ್ಟು ಅಗತ್ಯವೆಂಬುದು ಜಾಲಕಗಳನ್ನು ಪರಿಶೀಲಿಸಿದಾಗ ಸ್ಪಷ್ಟವಾಗುತ್ತದೆ.

ಜಾಲಕ ಮತ್ತು ಕೆರೆಗಳ ಸಾಲು

ಘನವಸ್ತುವಿನಲ್ಲಿ ಪರಮಾಣುಗಳು ಕ್ರಮವಾಗಿ ನೆಲೆಸಿರುತ್ತವೆ. ಎಲೆಕ್ಟ್ರಾನು ಅಂತರಾಳದ ಎಲ್ಲ ಬಿಂದುಗಳಲ್ಲೂ ಇರಬಹುದೆಂದು ಲೆಕ್ಕ ಹಾಕುವ ಬದಲಿಗೆ, ಅದು ಈ ನೆಲೆಗಳಲ್ಲಿ ಮಾತ್ರ ಇರುತ್ತದೆ, ಒಂದು ನೆಲೆಯಿಂದ ಪಕ್ಕದ ನೆಲೆಗೆ ಜಿಗಿಯುತ್ತದೆ ಎಂದು ಭಾವಿಸುವುದೇ ಜಾಲಕ ಮಾದರಿ. ಎರಡು ನೆಲೆಗಳ ನಡುವಿನ ಜಿಗಿತದ ದಾರಿಯನ್ನು ಕೊಂಡಿ ಎನ್ನೋಣ. ಜಿಗಿತದ ಸೌಲಭ್ಯವನ್ನು ಅಳೆಯುವ ಸಂಖ್ಯೆ ಶಕ್ತಿಯ ಮಾನದಲ್ಲಿರುತ್ತದೆ. ಅದು 1 ಎಲೆಕ್ಟ್ರಾನ್ ವೋಲ್ಟ್ ಆಗಿದ್ದರೆ ಜಿಗಿತಕ್ಕೆ ಸಂಬಂಧಿಸಿದ ಕಾಲಮಾನ 0.66 ಫೆಮ್ಟೊಸೆಕೆಂಡ್, ಅಂದರೆ ಒಂದು ಸೆಕೆಂಡಿನ ನೂರು ಕೋಟಿಯ ಒಂದು ಭಾಗವನ್ನು ಮತ್ತೆ ಹತ್ತು ಲಕ್ಷ ಭಾಗ ಮಾಡಿದರೆ ಸಿಗುವಷ್ಟಕ್ಕಿಂತಲೂ ಕಡಿಮೆ.

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಕೆರೆಗಳ ವ್ಯವಸ್ಥೆಯನ್ನು ಕಂಡವರಿಗೆ ಈ ಮಾದರಿ ಹೊಸದೆನಿಸಲಾರದು. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯ ನೀರು ದೊಡ್ಡಬಳ್ಳಾಪುರದ ನಾಗರಕೆರೆಯನ್ನು ಹಾದು ಕೆಳಗಿನ ಕೆರೆಗಳಿಗೆ ಇಳಿದು ಹೆಸರಘಟ್ಟವನ್ನು ಸೇರುತ್ತದೆ. ನೆಲಮಂಗಲ ತಾಲ್ಲೂಕಿನ ಶಿವಗಂಗೆಯಲ್ಲಿ ಹುಟ್ಟುವ ಕುಮುದ್ವತಿ ತಿಪ್ಪಗೊಂಡನಹಳ್ಳಿಯ ಬಳಿ ಅದನ್ನು ಕೂಡಿಕೊಳ್ಳುತ್ತದೆ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುತ್ತದೆ. ಕೆರೆಗಳು ನೆಲೆಗಳಂತೆ, ಕಾಲುವೆಗಳು ಕೊಂಡಿಗಳಂತೆ, ಕೆರೆಯ ಮಟ್ಟ ಸಾಂದ್ರತೆಯಂತೆ. ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು, ಏಕೆಂದರೆ ನೀರು ಇಳಿಜಾರಿನತ್ತ ಮಾತ್ರ ಹರಿಯುತ್ತದೆ, ಎಲೆಕ್ಟ್ರಾನಿನ ಅಲೆ ಎರಡೂ ಕಡೆಗೆ ಹರಿದು ತನ್ನನ್ನೇ ತಾನು ಕೂಡಿ ಕಳೆಯಬಲ್ಲುದು. ಆದರೂ ಲೆಕ್ಕಾಚಾರದ ಮೂರು ಮುಖ್ಯ ಸಂಗತಿಗಳು ಇಲ್ಲಿ ಕಣ್ಣಿಗೆ ಕಾಣುವಂತಿವೆ.

ಮೊದಲನೆಯದು ಕೊಂಡಿಯ ಮಿತಿ. ಕಾಲುವೆಯ ಅಗಲಕ್ಕಿಂತ ಹೆಚ್ಚು ನೀರು ಅದರಲ್ಲಿ ಹೋಗಲಾರದು. ಆದ್ದರಿಂದ ಕೆಳಗಿನ ಕೆರೆ ಒಂದು ಮಿತಿಗಿಂತ ಬೇಗ ತುಂಬಲಾರದು. ಜಾಲಕದಲ್ಲಿಯೂ ಕೊಂಡಿಯ ಪ್ರವಾಹಕ್ಕೆ ಮೇಲ್ಮಿತಿಯೊಂದಿದೆ. ಎರಡು ನೆಲೆಗಳಲ್ಲಿ ಒಂದೇ ಎಲೆಕ್ಟ್ರಾನು ಇದ್ದು, ಜಿಗಿತದ ಶಕ್ತಿ 1 ಎಲೆಕ್ಟ್ರಾನ್ ವೋಲ್ಟ್ ಆಗಿದ್ದರೆ, ಹೊರಗಿನಿಂದ ಏನೇ ವಿಭವವನ್ನು ಹೇರಿದರೂ ಪ್ರವಾಹ ಸುಮಾರು 0.24 ಮಿಲಿಆಂಪಿಯರನ್ನು ದಾಟದು. ಅಂತರಾಳದ ಸಿದ್ಧಾಂತದಲ್ಲಿ ಇಂತಹ ಮಿತಿ ಇಲ್ಲ. ಇದರ ಪರಿಣಾಮ ಗಂಭೀರವಾದುದು: ಕಾಗದದ ಮೇಲೆ ಬರೆದ ಯಾವುದೋ ಒಂದು ಸಾಂದ್ರತೆಯ ಬದಲಾವಣೆಯನ್ನು ಜಾಲಕದಲ್ಲಿ ಉಂಟುಮಾಡಬಲ್ಲ ವಿಭವವೇ ಇಲ್ಲದಿರಬಹುದು. 2008ರಲ್ಲಿ ರೋಯಿ ಬೇರ್ ಸರಳ ಉದಾಹರಣೆಗಳ ಮೂಲಕ ಇದನ್ನು ತೋರಿಸಿದಾಗ, ಗಣಕಯಂತ್ರದಲ್ಲಿ ಅಂತರಾಳವನ್ನು ಚೌಕಳಿಯಾಗಿ ಕತ್ತರಿಸಿ ಮಾಡುವ ಲೆಕ್ಕಗಳೆಲ್ಲವೂ ಒಂದು ಅರ್ಥದಲ್ಲಿ ಜಾಲಕಗಳೇ ಆದ್ದರಿಂದ, ಕ್ಷೇತ್ರದಲ್ಲಿ ಕಳವಳ ಉಂಟಾಯಿತು. ಅದೇ ವರ್ಷ ಲಿ ಮತ್ತು ಉಲ್ರಿಚ್ ಹಾಗೂ ಕ್ಲಾಡಿಯೊ ವೆರ್ದೋಜಿ ಜಾಲಕಗಳ ಮೇಲೆ ಈ ಪ್ರಶ್ನೆಯನ್ನು ವಿವರವಾಗಿ ಪರಿಶೀಲಿಸಿದರು.

ಕಳವಳದ ಮೂಲ ಎಲ್ಲಿದೆ ಎಂಬುದನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು. ಅಂತರಾಳದಲ್ಲಿ ವಿಭವದ ಇಳಿಜಾರು ಎಲೆಕ್ಟ್ರಾನುಗಳ ಮೇಲೆ ಬೀರುವ ಬಲವು ಸಾಂದ್ರತೆಗೆ ಅನುಪಾತದಲ್ಲಿರುತ್ತದೆ. ಸಾಂದ್ರತೆ ಇರುವಲ್ಲೆಲ್ಲ ವಿಭವಕ್ಕೆ ಹಿಡಿತವಿರುತ್ತದೆ. ರುಂಗೆ-ಗ್ರೋಸ್ ಸಾಧನೆಯ ಹಿಂದಿರುವುದು ಇದೇ ಸಂಗತಿ. ಜಾಲಕದಲ್ಲಿ ಆ ಸ್ಥಾನಕ್ಕೆ ಬರುವುದು ನೆಲೆಯ ಸಾಂದ್ರತೆಯಾಗಿರದೆ ಕೊಂಡಿಯ ಚಲನಶಕ್ತಿಯಾಗಿರುತ್ತದೆ. ಸಾಂದ್ರತೆ ಎಂದೂ ಋಣವಾಗದು. ಕೊಂಡಿಯ ಚಲನಶಕ್ತಿ ಧನವೂ ಆಗಬಹುದು, ಋಣವೂ ಆಗಬಹುದು, ಶೂನ್ಯವೂ ಆಗಬಹುದು. ಅದು ಶೂನ್ಯವಾದ ಕ್ಷಣದಲ್ಲಿ ಎರಡೂ ನೆಲೆಗಳಲ್ಲಿ ಎಲೆಕ್ಟ್ರಾನುಗಳಿದ್ದರೂ ಅವುಗಳ ನಡುವಿನ ವಿಭವವ್ಯತ್ಯಾಸಕ್ಕೆ ಪ್ರವಾಹದ ಮೇಲಿನ ಹಿಡಿತ ತಪ್ಪುತ್ತದೆ. ಎರಡು ನೆಲೆಗಳ ಉದಾಹರಣೆಯಲ್ಲಿ ಪ್ರವಾಹ ತನ್ನ ಮೇಲ್ಮಿತಿಯನ್ನು ಮುಟ್ಟುವುದೂ ಇದೇ ಕ್ಷಣದಲ್ಲಿ.

2012ರಲ್ಲಿ ಮೆಹದಿ ಫರ್ಜಾನೆಪುರ್ ಮತ್ತು ಇಲ್ಯಾ ಟೊಕಾಟ್ಲಿ ಈ ತೊಡಕನ್ನು ಬಿಡಿಸಿದ ಬಗೆ ಗಮನಾರ್ಹವಾದುದು. ಜಾಲಕವು ಸೀಮಿತವಾಗಿರುವುದರಿಂದ ಪ್ರಶ್ನೆಯನ್ನು ಸೀಮಿತ ಸಂಖ್ಯೆಯ ಅವಕಲ ಸಮೀಕರಣಗಳ ಪರಿಹಾರದ ಪ್ರಶ್ನೆಯಾಗಿ ಮಾರ್ಪಡಿಸಬಹುದು. ಅಂತಹ ಸಮೀಕರಣಗಳಿಗೆ ಪರಿಹಾರವಿದೆ, ಅದು ಒಂದೇ ಆಗಿದೆ ಎಂಬುದಕ್ಕೆ ಗಣಿತದಲ್ಲಿ ಬಹುಕಾಲದಿಂದ ಭದ್ರವಾದ ಪ್ರಮೇಯಗಳಿವೆ. ನೆಲೆಗಳೆಲ್ಲವೂ ಕೊಂಡಿಗಳಿಂದ ಕೂಡಿಕೊಂಡಿದ್ದು, ಸಮೂಹವು ಕನಿಷ್ಠ ಶಕ್ತಿಯ ಸ್ಥಿತಿಯಿಂದ ಹೊರಟಿದ್ದರೆ, ಒಂದಷ್ಟು ಕಾಲದವರೆಗೆ ಸಾಂದ್ರತೆ ಮತ್ತು ವಿಭವಗಳ ನಂಟು ನಿಶ್ಚಿತವಾಗಿರುತ್ತದೆ. ಅಂತರಾಳದ ಸಾಧನೆಗಳಲ್ಲಿ ವಿಭವವು ಕಾಲದ ಘಾತಶ್ರೇಣಿಯಾಗಿ ಬರೆಯಲು ಬರುವಂತಿರಬೇಕೆಂಬ ಷರತ್ತನ್ನು ಸಾಮಾನ್ಯವಾಗಿ ಹಾಕಿಕೊಳ್ಳಲಾಗುತ್ತಿತ್ತು. ಜಾಲಕದ ಸಾಧನೆಗೆ ಅದು ಬೇಕಾಗಲಿಲ್ಲ. ಹೀಗೆ ಹೆಚ್ಚು ಒರಟಾದ ಮಾದರಿಯಲ್ಲಿ ಹೆಚ್ಚು ಬಿಗಿಯಾದ ಸಾಧನೆ ದೊರೆಯಿತು.

ಎರಡನೆಯ ಸಂಗತಿ ಸುತ್ತುಗಳದು. ಮೇಲೆ ಹೇಳಿದ ಕೆರೆಗಳ ಸಾಲು ಮರದ ಕೊಂಬೆಗಳಂತಿದೆ. ಮೇಲಿನ ಕೆರೆಗಳು ಕೂಡುತ್ತ ಕೂಡುತ್ತ ಕೆಳಗಿನ ಒಂದು ಕೆರೆಗೆ ಬರುತ್ತವೆ, ಎಲ್ಲಿಯೂ ಸುತ್ತು ಇಲ್ಲ. ಇಂತಹ ರಚನೆಯಲ್ಲಿ ಪ್ರತಿಯೊಂದು ಕೆರೆಯ ಮಟ್ಟವೂ ದಿನದಿಂದ ದಿನಕ್ಕೆ ಎಷ್ಟು ಬದಲಾಯಿತೆಂದು ಬರೆದಿಟ್ಟುಕೊಂಡರೆ, ಹೊರಗಿನಿಂದ ನೀರು ಸೇರದೆ ಸೋರಿಹೋಗದೆ ಇದ್ದಲ್ಲಿ, ಪ್ರತಿಯೊಂದು ಕಾಲುವೆಯಲ್ಲಿ ಹರಿದ ನೀರನ್ನು ಕೂಡಿಕೆ ಕಳೆಯುವಿಕೆಗಳಿಂದಲೇ ಕಂಡುಹಿಡಿಯಬಹುದು. ಕಾಲುವೆಗಳು ಒಂದು ಸುತ್ತಾಗಿ ಕೂಡಿಕೊಂಡಿದ್ದರೆ ಇದು ಸಾಧ್ಯವಿಲ್ಲ, ಏಕೆಂದರೆ ಸುತ್ತಿನೊಳಗೇ ಪ್ರದಕ್ಷಿಣೆ ಹಾಕುವ ಹರಿವು ಯಾವ ಕೆರೆಯ ಮಟ್ಟವನ್ನೂ ಬದಲಿಸುವುದಿಲ್ಲ. ಜಾಲಕದಲ್ಲಿ ಸ್ವತಂತ್ರವಾದ ಸುತ್ತುಗಳ ಸಂಖ್ಯೆ ಕೊಂಡಿಗಳ ಸಂಖ್ಯೆಯಿಂದ ನೆಲೆಗಳ ಸಂಖ್ಯೆಯನ್ನು ಕಳೆದು 1 ಕೂಡಿಸಿದಷ್ಟು. ಬೆಂಜೀನಿನ ಇಂಗಾಲದ ಉಂಗುರದಲ್ಲಿ 6 ನೆಲೆ, 6 ಕೊಂಡಿ, ಆದ್ದರಿಂದ 1 ಸುತ್ತು. ನ್ಯಾಫ್ತಲೀನಿನಲ್ಲಿ 10 ನೆಲೆ, 11 ಕೊಂಡಿ, 2 ಸುತ್ತು. ಅಷ್ಟು ಪ್ರವಾಹಗಳ ಸುದ್ದಿಯನ್ನು ಸಾಂದ್ರತೆ ನೇರವಾಗಿ ಹೇಳುವುದಿಲ್ಲ.

ಘೋಷ್ ಮತ್ತು ಧಾರಾ ಅವರ ವಿಚಾರ ಜಾಲಕದಲ್ಲಿ ಪ್ರಸ್ತುತವಾಗುವುದು ಇಲ್ಲಿಯೇ. ಜಾಲಕದ ಮೇಲೆ ಕಾಂತಕ್ಷೇತ್ರವನ್ನು ಹೇರಿದರೆ ಎಲೆಕ್ಟ್ರಾನು ಕೊಂಡಿಯೊಂದನ್ನು ದಾಟುವಾಗ ಅದರ ಅಲೆಯ ಪ್ರಾವಸ್ಥೆ ಒಂದಿಷ್ಟು ತಿರುಗುತ್ತದೆಂದು 1933ರಲ್ಲಿ ರುಡಾಲ್ಫ್ ಪೈಯರ್ಲ್ಸ್ ತೋರಿಸಿದ್ದರು. ಪ್ರತಿ ಕೊಂಡಿಗೂ ಒಂದು ಪ್ರಾವಸ್ಥೆ, ಪ್ರತಿ ಕೊಂಡಿಗೂ ಒಂದು ಪ್ರವಾಹ. ಇವೆರಡರ ನಡುವೆ ಒಂದಕ್ಕೊಂದು ಸರಿಹೊಂದುವ ನಿಶ್ಚಿತ ನಂಟು ಇದೆಯೆಂದು ಟೊಕಾಟ್ಲಿ 2011ರಲ್ಲಿ ಸಾಧಿಸಿದರು. ನೆಲೆಯ ಮೇಲಿನ ವಿಭವವನ್ನೂ ಕೊಂಡಿಗಳ ಪ್ರಾವಸ್ಥೆಯಾಗಿ ಬರೆಯಬಹುದಾದ್ದರಿಂದ ಈ ರೂಪದಲ್ಲಿ ಸಿದ್ಧಾಂತ ಸಂಪೂರ್ಣವಾಗುತ್ತದೆ. ಸಾಗಣೆಯ ಸಿದ್ಧಾಂತಕ್ಕೆ ಕೊಂಡಿಯ ಪ್ರವಾಹವೇ ಸಹಜವಾದ ಆಧಾರವೆಂದು ಹೇಳಲು ಈ ಸಾಧನೆ ಸಾಕು.

ಮೂರನೆಯ ಸಂಗತಿ ಎಲ್ಲಕ್ಕಿಂತ ಸರಳ, ಆದರೆ ಅದರ ತೊಂದರೆ ಎಲ್ಲಕ್ಕಿಂತ ದೊಡ್ಡದು. ಒಳಹರಿವೂ ಹೊರಹರಿವೂ ಸಮನಾಗಿರುವ ಕೆರೆಯ ಮಟ್ಟ ಬದಲಾಗುವುದಿಲ್ಲ. ಹಾಗೆಂದು ಅದು ನಿಂತ ನೀರಲ್ಲ. ಸ್ಥಾಯೀ ಸ್ಥಿತಿಯನ್ನು ತಲುಪಿದ ತಂತಿಯಲ್ಲಿ ಪ್ರತಿ ನೆಲೆಯ ಸಾಂದ್ರತೆಯೂ ಸ್ಥಿರವಾಗಿರುತ್ತದೆ, ಪ್ರವಾಹ ಮಾತ್ರ ಹರಿಯುತ್ತಲೇ ಇರುತ್ತದೆ. ಆ ಕ್ಷಣದ, ಆ ತಂತಿಯ ಸಾಂದ್ರತೆಯನ್ನು ಮಾತ್ರ ನೋಡುವ ಯಾವ ಸೂತ್ರವೂ ಪ್ರವಾಹವನ್ನು ಹೇಳಲಾರದು. ಹೇಳಬೇಕಾದರೆ ಅದು ಹಿಂದಿನ ಇತಿಹಾಸವನ್ನಾಗಲಿ, ದೂರದ ತುದಿಗಳನ್ನಾಗಲಿ ನೆನಪಿಟ್ಟುಕೊಂಡಿರಬೇಕು. ಬಳಕೆಯಲ್ಲಿರುವ ಬಹುಪಾಲು ವಿನಿಮಯ-ಸಹಸಂಬಂಧ ವಿಭವಗಳು ಆಯಾ ಕ್ಷಣದ, ಆಯಾ ಸ್ಥಳದ ಸಾಂದ್ರತೆಯನ್ನಷ್ಟೇ ನೋಡುತ್ತವೆ. 1996ರಲ್ಲಿ ಜಿಯೋವಾನಿ ವಿನ್ಯಾಲೆ ಮತ್ತು ಕೋನ್ ಪ್ರವಾಹವನ್ನು ಆಧಾರವಾಗಿಟ್ಟುಕೊಂಡರೆ ಈ ನೆನಪಿನ ಒಂದಂಶವನ್ನು ಎಲೆಕ್ಟ್ರಾನ್ ದ್ರವದ ಸ್ನಿಗ್ಧತೆಯಾಗಿ ಬರೆಯಬಹುದೆಂದು ತೋರಿಸಿದರು. 2005ರಲ್ಲಿ ನಾ ಸಾಯ್ ಮತ್ತು ಸಂಗಡಿಗರು ಆ ಸ್ನಿಗ್ಧತೆಯಿಂದ ಅಣುವಿನ ರೋಧ ಹೆಚ್ಚುತ್ತದೆಂದು ಲೆಕ್ಕ ಹಾಕಿದರು. ಹಾಗಾದರೆ ಸ್ಥಾಯೀ ಸೂತ್ರಗಳಿಂದ ಬಂದ ಪ್ರವಾಹ ಸ್ವಲ್ಪಮಟ್ಟಿಗಾದರೂ ಹೆಚ್ಚಾಗಿಯೇ ಬರುತ್ತಿತ್ತು.

ಬೆಂಗಳೂರಿನ ನಿಖರ ಫಲಿತಾಂಶಗಳು

ಅಂದಾಜುಗಳನ್ನು ಒರೆಗೆ ಹಚ್ಚಲು ನಿಖರವಾಗಿ ಬಿಡಿಸಿದ ಸಮಸ್ಯೆಗಳು ಬೇಕು. ಈ ವಿಷಯದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಗಳಿಂದ ಬಂದ ಪ್ರಬಂಧಗಳ ಒಂದು ಸಾಲು ವಿಶೇಷವಾದ ಮಹತ್ವವುಳ್ಳದ್ದು. ಇವುಗಳನ್ನು ಬರೆದವರು ಫಂಕ್ಷನಲ್ ಸಿದ್ಧಾಂತದ ಕಾರ್ಯಕರ್ತರಲ್ಲ. ವಿಕರ್ಷಣೆಯಿಲ್ಲದ ಎಲೆಕ್ಟ್ರಾನುಗಳ ಜಾಲಕವನ್ನೇ ಅವರು ಆರಿಸಿಕೊಂಡರು. ಆದರೆ ಕೋನ್-ಶಾಮ್ ವಿಧಾನದ ಕಲ್ಪಿತ ಎಲೆಕ್ಟ್ರಾನುಗಳು ಸಹ ಪರಸ್ಪರ ವಿಕರ್ಷಣೆಯಿಲ್ಲದವೇ ಆದ್ದರಿಂದ, ಅವರು ಕಂಡದ್ದೆಲ್ಲವೂ ಆ ವಿಧಾನಕ್ಕೆ ನೇರವಾಗಿ ಅನ್ವಯಿಸುತ್ತದೆ.

2003ರಲ್ಲಿ ಅಭಿಷೇಕ್ ಧರ್ ಮತ್ತು ಬಿ. ಶ್ರೀರಾಮ್ ಶಾಸ್ತ್ರಿ ತಂತಿಯೊಂದನ್ನು ಎರಡು ಬದಿಗಳಲ್ಲಿ ಅನಂತ ಜಾಲಕಗಳಿಗೆ ಜೋಡಿಸಿ, ಇಡೀ ವ್ಯವಸ್ಥೆಯ ಚಲನೆಯ ಸಮೀಕರಣಗಳನ್ನು ಬಿಡಿಸಿದರು. ಈ ಅನಂತ ಜಾಲಕಗಳಿಗೆ ಭೌತವಿಜ್ಞಾನಿಗಳು ರಿಸರ್ವಾಯರ್, ಎಂದರೆ ಜಲಾಶಯ ಎಂದೇ ಹೆಸರಿಟ್ಟಿದ್ದಾರೆ. ಎಲೆಕ್ಟ್ರಾನುಗಳ ಭಂಡಾರಗಳೆಂದು ಇಲ್ಲಿ ಕರೆಯಬಹುದು. ಭಂಡಾರಗಳ ಎಲೆಕ್ಟ್ರಾನುಗಳು ತಂತಿಯ ಮೇಲೆ ಬೀರುವ ಪರಿಣಾಮ ಎರಡು ಬಗೆಯದು: ಒಂದು, ಗುರಿಯಿಲ್ಲದ ಅಲುಗಾಟ, ಇನ್ನೊಂದು, ತಂತಿಯಲ್ಲಿರುವುದು ಹೊರಕ್ಕೆ ಸೋರಿಹೋಗುವಿಕೆ. ದ್ರವದಲ್ಲಿ ತೇಲುವ ಪರಾಗಕಣದ ಚಲನೆಗಾಗಿ ಪಾಲ್ ಲ್ಯಾಂಜೆವಿನ್ ಬರೆದ ಸಮೀಕರಣದ ಕ್ವಾಂಟಂ ರೂಪವಿದು. ದೀರ್ಘಕಾಲದ ಅನಂತರ ಲ್ಯಾಂಡೌವರ್‌ನ ಸೂತ್ರ ಇದರಿಂದ ತಾನಾಗಿಯೇ ಹೊರಬರುತ್ತದೆ. ಸೂತ್ರವನ್ನು ಊಹೆಯಾಗಿ ಒಪ್ಪಿಕೊಳ್ಳಬೇಕಾಗಿಲ್ಲ.

2006ರಲ್ಲಿ ಧರ್ ಮತ್ತು ದೀಪ್ತಿಮಾನ್ ಸೇನ್ ಪ್ರಕಟಿಸಿದ ಪ್ರಬಂಧ ಇದರ ಮುಂದಿನ ಹೆಜ್ಜೆ. ಪ್ರಸ್ತುತ ವಿಷಯದ ದೃಷ್ಟಿಯಿಂದ ಇಡೀ ಸಾಲಿನಲ್ಲಿ ಇದೇ ಮುಖ್ಯವಾದದ್ದು. ತಂತಿಯಲ್ಲಿ ಕೆಲವೊಮ್ಮೆ ಬದ್ಧ ಸ್ಥಿತಿಗಳಿರುತ್ತವೆ. ಅಂತಹ ಸ್ಥಿತಿಯಲ್ಲಿರುವ ಎಲೆಕ್ಟ್ರಾನಿನ ಶಕ್ತಿಯು ಭಂಡಾರದ ಯಾವ ಅಲೆಯ ಶಕ್ತಿಗೂ ಹೊಂದುವುದಿಲ್ಲವಾದ್ದರಿಂದ ಅದು ಹೊರಕ್ಕೆ ಹೋಗಲಾರದು. ತೂಬಿನ ಮಟ್ಟಕ್ಕಿಂತ ಕೆಳಗೆ, ಕೆರೆಯ ಅಂಗಳದ ತಗ್ಗಿನಲ್ಲಿ ಉಳಿದ ನೀರಿನಂತೆ ಅದು ಅಲ್ಲಿಯೇ ಉಳಿಯುತ್ತದೆ. ರೂಢಿಯಲ್ಲಿರುವ ಗ್ರೀನ್ ಫಲನದ ವಿಧಾನವು ಭಂಡಾರಗಳಿಂದ ಬರುವ ಅಲೆಗಳ ಸಾಂದ್ರತೆಯನ್ನು ಸರಿಯಾಗಿ ಕೊಡುತ್ತದೆ. ಆದರೆ ಬದ್ಧ ಸ್ಥಿತಿಗಳಲ್ಲಿ ಎಷ್ಟು ಎಲೆಕ್ಟ್ರಾನುಗಳಿವೆ ಎಂಬುದಕ್ಕೆ ಅದರಿಂದ ಒಂದೇ ಉತ್ತರ ದೊರೆಯುವುದಿಲ್ಲವೆಂದು ಅವರು ತೋರಿಸಿದರು. ಸಮತೋಲಕ್ಕೆ ತರುವ ಬೇರೆ ಉಪಾಯ ಇಲ್ಲದಿದ್ದರೆ ಉತ್ತರ ಆರಂಭದ ಸ್ಥಿತಿಯನ್ನೇ ಅವಲಂಬಿಸುತ್ತದೆ. ಬಹಳ ದುರ್ಬಲವಾಗಿ ಜೋಡಿಸಿದ ಸಹಾಯಕ ಭಂಡಾರಗಳನ್ನು ಸೇರಿಸಿದರೆ ಸಮತೋಲದ ಸಂದರ್ಭದಲ್ಲಿ ಉತ್ತರ ನಿಶ್ಚಿತವಾಗುತ್ತದೆ. ಪ್ರವಾಹ ಹರಿಯುತ್ತಿರುವಾಗ ಮಾತ್ರ ಅದು ಆ ಸಹಾಯಕ ಭಂಡಾರಗಳ ವಿವರವನ್ನು ಅವಲಂಬಿಸಿಯೇ ಇರುತ್ತದೆ.

ಫಂಕ್ಷನಲ್ ಸಿದ್ಧಾಂತಕ್ಕೆ ಇದು ಸಣ್ಣ ತೊಡಕಲ್ಲ. ಕೋನ್-ಶಾಮ್ ವಿಭವವು ಸಾಂದ್ರತೆಯನ್ನು ಅವಲಂಬಿಸುತ್ತದೆ, ಸಾಂದ್ರತೆ ಬದ್ಧ ಸ್ಥಿತಿಯ ತುಂಬಿಕೆಯನ್ನು ಅವಲಂಬಿಸುತ್ತದೆ, ತುಂಬಿಕೆ ಆರಂಭವನ್ನು ಅವಲಂಬಿಸುತ್ತದೆ. ಬದ್ಧ ಸ್ಥಿತಿಯಲ್ಲಿ ಪ್ರವಾಹ ಹರಿಯುವುದಿಲ್ಲವಾದರೂ ಅದು ವಿಭವವನ್ನು ಬದಲಿಸುತ್ತದೆ, ವಿಭವ ಬದಲಾದಂತೆ ಪ್ರವಾಹವೂ ಬದಲಾಗುತ್ತದೆ. 2007ರಲ್ಲಿ ಜಾನ್‌ಲೂಕಾ ಸ್ಟೆಫನುಚ್ಚಿ ಕಾಲಾವಲಂಬಿ ವಿಧಾನದಿಂದಲೇ ಹೊರಟು ಇದೇ ಪ್ರಶ್ನೆಯನ್ನು ಪರಿಶೀಲಿಸಿದರು. ಎರಡು ಅಥವಾ ಹೆಚ್ಚು ಬದ್ಧ ಸ್ಥಿತಿಗಳಿದ್ದರೆ ಸ್ಥಾಯೀ ಸ್ಥಿತಿಯೇ ಬರದೆ, ಸ್ಥಳೀಯ ಪ್ರವಾಹ ನಿರಂತರವಾಗಿ ಆಂದೋಲಿಸುತ್ತಿರಬಹುದು. ರುಂಗೆ-ಗ್ರೋಸ್ ಪ್ರಮೇಯದ ಆದ್ಯ ಸ್ಥಿತಿಯ ಷರತ್ತು ಹೀಗೆ ಬಳಸುವವರ ಮುಂದೆ ಮತ್ತೆ ಬಂದು ನಿಲ್ಲುತ್ತದೆ.

ವಿಭವವೇ ಕಾಲದೊಂದಿಗೆ ಬದಲಾಗುವಾಗಲೂ ಬದ್ಧ ಸ್ಥಿತಿಗಳ ಪಾತ್ರವಿದೆ. 2007ರಲ್ಲಿ ಅಮಿತ್ ಅಗರ್ವಾಲ್ ಮತ್ತು ಸೇನ್ ಜಾಲಕದ ಒಂದು ನೆಲೆಯಲ್ಲಿ ಆಂದೋಲಿಸುವ ವಿಭವವನ್ನೂ ಇನ್ನೊಂದು ಭಾಗದಲ್ಲಿ ಸ್ಥಿರ ವಿಭವವನ್ನೂ ಇಟ್ಟು, ಎರಡು ಬದಿಗಳ ನಡುವೆ ಒತ್ತಡವ್ಯತ್ಯಾಸವಿಲ್ಲದೆಯೇ ವಿದ್ಯುದಂಶ ಒಂದೆಡೆಗೆ ಸಾಗುವುದನ್ನು ಲೆಕ್ಕ ಹಾಕಿದರು. ಏತದಿಂದ ನೀರೆತ್ತುವ ಕ್ರಿಯೆಗೆ ಇದನ್ನು ಹೋಲಿಸಬಹುದು. ಆವೃತ್ತಿ ಬಹಳ ಕಡಿಮೆಯಾದರೆ ಒಂದು ಆವರ್ತನದಲ್ಲಿ ಸಾಗುವ ವಿದ್ಯುದಂಶ ಶೂನ್ಯದತ್ತ ಇಳಿಯುತ್ತದೆ. ಆಂದೋಲನವು ಬದ್ಧ ಸ್ಥಿತಿಯ ಎಲೆಕ್ಟ್ರಾನನ್ನು ಹೊರಗಿನ ಅಲೆಗಳಿಗೆ ಏರಿಸುವಷ್ಟು ವೇಗವಾಗಿದ್ದರೆ ಸಾಗಣೆಯ ಪ್ರಮಾಣ ಗಮನಾರ್ಹವಾಗಿ ಬದಲಾಗುತ್ತದೆ. ಕಾಲಾವಲಂಬಿ ಫಂಕ್ಷನಲ್ ಒಂದನ್ನು ರಚಿಸುವವರು ಮೊದಲು ಈ ಸಮಸ್ಯೆಯಲ್ಲಿ ಅದನ್ನು ಪರೀಕ್ಷಿಸುವುದು ಉಚಿತ.

ಅದೇ ವರ್ಷ ದಿವ್ಯೇಂದು ರಾಯ್ ಮತ್ತು ಧರ್ ತಂತಿಯ ಪ್ರತಿಯೊಂದು ನೆಲೆಗೂ ಒಂದೊಂದು ಭಂಡಾರವನ್ನು ಜೋಡಿಸಿ, ಎಲೆಕ್ಟ್ರಾನಿನ ಅಲೆ ತನ್ನ ಪ್ರಾವಸ್ಥೆಯ ನೆನಪನ್ನು ಕಳೆದುಕೊಳ್ಳುವಂತಹ ಮಾದರಿಯನ್ನು ಬಿಡಿಸಿದರು. ತಂತಿ ಉದ್ದವಾಗಿದ್ದರೆ ಓಮ್‌ನ ನಿಯಮ ಮರಳಿ ಬರುತ್ತದೆ, ಶಾಖವು ತಂತಿಯ ಉದ್ದಕ್ಕೂ ಸಮನಾಗಿ ಹುಟ್ಟುತ್ತದೆ. ತಂತಿ ಚಿಕ್ಕದಾಗಿದ್ದರೆ ಶಾಖ ಬಹುಮಟ್ಟಿಗೆ ತುದಿಗಳ ಬೆಸುಗೆಯಲ್ಲೇ ಹುಟ್ಟುತ್ತದೆ. ನಡುವಣ ಉದ್ದಗಳಲ್ಲಿ ರಾಸಾಯನಿಕ ವಿಭವವು ಒಳಗೆ ಸರಳರೇಖೆಯಂತೆ ಇಳಿದು, ಎರಡು ತುದಿಗಳಲ್ಲಿ ಥಟ್ಟನೆ ಜಿಗಿಯುತ್ತದೆ. ಪ್ರೌಢಶಾಲೆಯ ನಿಯಮದಿಂದ ಲ್ಯಾಂಡೌವರ್‌ನ ನಿಯಮದವರೆಗೆ ಇರುವ ಹಾದಿಯನ್ನು ಒಂದೇ ಮಾದರಿಯಲ್ಲಿ ಹೀಗೆ ನಡೆದು ತೋರಿಸಿದ ಉದಾಹರಣೆಗಳು ಹೆಚ್ಚಿಲ್ಲ.

ವಿಕರ್ಷಣೆ ಇರುವಾಗ

ನಿಜವಾದ ಎಲೆಕ್ಟ್ರಾನುಗಳು ಪರಸ್ಪರ ವಿಕರ್ಷಿಸುತ್ತವೆ. ಒಂದು ನೆಲೆಯಲ್ಲಿ ಆಗಲೇ ಒಂದು ಎಲೆಕ್ಟ್ರಾನು ಇದ್ದರೆ ಎರಡನೆಯದು ಬರಲು ಹೆಚ್ಚಿನ ಶಕ್ತಿಯನ್ನು ತೆರಬೇಕು. ಅಷ್ಟು ಶಕ್ತಿ ಇಲ್ಲದಿದ್ದರೆ ಪ್ರವಾಹ ತಡೆಹಿಡಿಯಲ್ಪಡುತ್ತದೆ. ಇದಕ್ಕೆ ಕೂಲಂಬ್ ತಡೆ ಎಂದು ಹೆಸರು. ಕಲ್ಪಿತ ಎಲೆಕ್ಟ್ರಾನುಗಳು ಒಂದನ್ನೊಂದು ಅರಿಯವಾದ್ದರಿಂದ ಈ ತಡೆಯನ್ನು ವಿಭವವೇ ಒಡ್ಡಬೇಕು: ನೆಲೆಯ ತುಂಬಿಕೆ 1ನ್ನು ದಾಟುವ ಕ್ಷಣದಲ್ಲಿ ವಿಭವ ಒಮ್ಮೆಲೇ ಜಿಗಿಯಬೇಕು. ಜಾನ್ ಪರ್ಡ್ಯೂ ಮತ್ತು ಸಂಗಡಿಗರು 1982ರಲ್ಲಿ ಸ್ಥಾಯೀ ಸಿದ್ಧಾಂತದಲ್ಲಿ ಗುರುತಿಸಿದ್ದ ಈ ಜಿಗಿತ ಸಾಮಾನ್ಯ ಅಂದಾಜುಗಳಲ್ಲಿ ಇರುವುದೇ ಇಲ್ಲ. ಜಾಲಕದಲ್ಲಿ ಅದನ್ನು ಪಡೆಯಲು ದಾರಿಯಿದೆ. ಏಕಪರಿಮಾಣದ ಹಬರ್ಡ್ ಮಾದರಿಯನ್ನು 1968ರಲ್ಲಿ ಎಲಿಯಟ್ ಲೀಬ್ ಮತ್ತು ಎಫ್. ವೈ. ವು ನಿಖರವಾಗಿ ಬಿಡಿಸಿದ್ದರು. ಅದರ ಆಧಾರದ ಮೇಲೆ ಕ್ಲಾಸ್ ಕಪೆಲ್ ಮತ್ತು ಸಂಗಡಿಗರು 2003ರಲ್ಲಿ ಜಾಲಕಕ್ಕೆಂದೇ ಫಂಕ್ಷನಲ್ ಒಂದನ್ನು ರಚಿಸಿದರು. ಅಂತಹ ಜಿಗಿತವುಳ್ಳ ಫಂಕ್ಷನಲ್ ಬಳಸಿ 2010ರಲ್ಲಿ ಸ್ಟೆಫಾನ್ ಕುರ್ತ್, ಸ್ಟೆಫನುಚ್ಚಿ, ವೆರ್ದೋಜಿ, ಗ್ರೋಸ್ ಮೊದಲಾದವರು ಕೂಲಂಬ್ ತಡೆಯ ಸ್ಥಿತಿಯಲ್ಲಿ ತುಂಬಿಕೆಯು ನೆಲೆಗೊಳ್ಳದೆ ಏರುತ್ತ ಇಳಿಯುತ್ತ ಹೋಗುವುದನ್ನು ಕಂಡರು. ಸ್ಥಾಯೀ ಸೂತ್ರದಲ್ಲಿ ಇಂತಹ ಪರಿಹಾರಕ್ಕೆ ಎಡೆಯೇ ಇಲ್ಲ.

ಒಂದೇ ನೆಲೆಯಲ್ಲಿ ವಿಕರ್ಷಣೆಯಿರುವ ಆಂಡರ್‌ಸನ್ ಮಾದರಿ ಇನ್ನೊಂದು ಒರೆಗಲ್ಲು. ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಎಚ್. ಆರ್. ಕೃಷ್ಣಮೂರ್ತಿಯವರು ಜಾನ್ ವಿಲ್ಕಿನ್ಸ್ ಮತ್ತು ಕೆನೆತ್ ವಿಲ್ಸನ್ ಅವರೊಂದಿಗೆ 1980ರಲ್ಲಿ ಪ್ರಕಟಿಸಿದ ಎರಡು ಪ್ರಬಂಧಗಳು ಈ ಮಾದರಿಯ ಸಂಖ್ಯಾತ್ಮಕ ಪರಿಹಾರಕ್ಕೆ ಪ್ರಮಾಣವೆನಿಸಿವೆ. ಅತಿ ಕಡಿಮೆ ಉಷ್ಣತೆಯಲ್ಲಿ ನೆಲೆಯ ಎಲೆಕ್ಟ್ರಾನಿನ ಗಿರಕಿಯನ್ನು ಸುತ್ತಲಿನ ಎಲೆಕ್ಟ್ರಾನುಗಳು ಮರೆಮಾಡುವುದರಿಂದ, ತಡೆಯಿರಬೇಕಾದ ಕಡೆಯಲ್ಲಿ ವಾಹಕತ್ವ ಪೂರ್ಣ ಮೆಟ್ಟಿಲನ್ನು ಮುಟ್ಟುತ್ತದೆ. ಕೊಂಡೊ ಪರಿಣಾಮವೆಂದು ಪ್ರಸಿದ್ಧವಾದ ಈ ಸಂಗತಿಯನ್ನು ಕಲ್ಪಿತ ಎಲೆಕ್ಟ್ರಾನುಗಳ ಸಿದ್ಧಾಂತ ಹಿಡಿಯಲಾರದೆಂದೇ ಸಾಮಾನ್ಯ ನಂಬಿಕೆಯಾಗಿತ್ತು. 2011 ಮತ್ತು 2012ರಲ್ಲಿ ಮೂರು ತಂಡಗಳು ಬೇರೆ ಬೇರೆಯಾಗಿ ಇದಕ್ಕೆ ವಿರುದ್ಧವಾದುದನ್ನು ತೋರಿಸಿದವು. ಶೂನ್ಯ ಉಷ್ಣತೆ ಮತ್ತು ಅತ್ಯಲ್ಪ ಒತ್ತಡದಲ್ಲಿ ಈ ಮಾದರಿಯ ವಾಹಕತ್ವವು ನೆಲೆಯ ತುಂಬಿಕೆಯಿಂದಲೇ ನಿಶ್ಚಿತವಾಗುತ್ತದೆ. ತುಂಬಿಕೆಯನ್ನು ಸರಿಯಾಗಿ ಕೊಡುವ ಫಂಕ್ಷನಲ್ ವಾಹಕತ್ವವನ್ನೂ ಸರಿಯಾಗಿ ಕೊಡುತ್ತದೆ. ವಿಭವದ ಆ ಜಿಗಿತವೇ ಇಲ್ಲಿ ನೆರವಾಯಿತು.

ಉಷ್ಣತೆ ಏರಿದರೆ ಅಥವಾ ಒತ್ತಡ ಹೆಚ್ಚಿದರೆ ಈ ಅದೃಷ್ಟ ಉಳಿಯುವುದಿಲ್ಲ. ಆಗ ಕಲ್ಪಿತ ತಂತಿಯ ಎರಡು ತುದಿಗಳ ನಡುವಿನ ಒತ್ತಡವ್ಯತ್ಯಾಸವು ಪ್ರಯೋಗಶಾಲೆಯಲ್ಲಿ ಹೇರಿದ ಒತ್ತಡವ್ಯತ್ಯಾಸಕ್ಕೆ ಸಮನಾಗಿರಬೇಕಾಗಿಲ್ಲ. 2015ರಲ್ಲಿ ಸ್ಟೆಫನುಚ್ಚಿ ಮತ್ತು ಕುರ್ತ್ ಮುಂದಿಟ್ಟ ಸ್ಥಾಯೀ ಸಿದ್ಧಾಂತದಲ್ಲಿ ಅಣುವಿನ ಸಾಂದ್ರತೆ ಮತ್ತು ಅದರ ಮೂಲಕ ಹರಿಯುವ ಪ್ರವಾಹ, ಈ ಎರಡೂ ಆಧಾರಗಳು. ಇವಕ್ಕೆ ಪ್ರತಿಯಾಗಿ ವಿನಿಮಯ-ಸಹಸಂಬಂಧದ ಎರಡು ರಾಶಿಗಳು, ಒಂದು ಅಣುವಿನ ಮೇಲಿನ ವಿಭವಕ್ಕೆ, ಇನ್ನೊಂದು ತುದಿಗಳ ಒತ್ತಡಕ್ಕೆ. ಮಟ್ಟ ಬದಲಾಗದ ಕೆರೆಯ ಹರಿವನ್ನು ಮಟ್ಟದಿಂದ ಊಹಿಸುವ ಯತ್ನವನ್ನು ಬಿಟ್ಟು, ಹರಿವನ್ನೇ ಬೇರೆಯಾಗಿ ಅಳೆಯುವ ಏರ್ಪಾಡು ಇದು. ಆದರೆ ಬದ್ಧ ಸ್ಥಿತಿಯಲ್ಲಿ ಉಳಿದುಹೋದ ಎಲೆಕ್ಟ್ರಾನಿನ ಲೆಕ್ಕ ಸಾಂದ್ರತೆಯೊಳಗೆ ಸೇರಿಕೊಂಡೇ ಇರುತ್ತದೆ. ಅದು ಅಲ್ಲಿಗೆ ಹೇಗೆ ಬಂದಿತೆಂಬುದನ್ನು ಸ್ಥಾಯೀ ಸಿದ್ಧಾಂತವು ಕೇಳುವುದಿಲ್ಲ. ಆ ಪ್ರಶ್ನೆಗಾಗಿ ಒತ್ತಡವನ್ನು ಹೇರಿದ ಕ್ಷಣದಿಂದ ಮೊದಲುಗೊಂಡು ಜಾಲಕದ ಚಲನೆಯನ್ನು ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಹಾಕುವ ಕಾಲಾವಲಂಬಿ ವಿಧಾನಕ್ಕೇ ಮರಳಬೇಕಾಗುತ್ತದೆ.